ಕೊಟ್ಟದ್ದು, ಕಸಿದದ್ದು

ಹೋದ ವರ್ಷ ಅಣ್ಣ ನಿವೃತ್ತನಾದಾಗ ಮನೆಯಲ್ಲಿ ಚಿಕ್ಕ ಸಮಾರಂಭವಿತ್ತು. ಫಾದರ್ ಬಂದು ಪ್ರಾರ್ಥನೆ ಮಾಡಿದರು. ಮಾತನಾಡಲು ಎದ್ದ ಅಣ್ಣ, 'ನಮ್ಮ ಅಕ್ಕನ ತ್ಯಾಗದಿಂದ ನಾವು ಈ ಮಟ್ಟಕ್ಕೆ ಬಂದೆವು' ಎಂದು ಗದ್ಗದನಾದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅಕ್ಕ ಮಾತ್ರ ಸೆರಗಿನ ಅಂಚನ್ನು ಮಡಿಸುತ್ತಾ ಕೂತಿದ್ದಳು. ರಾತ್ರಿ ಪಾತ್ರೆ ತೊಳೆಯುವಾಗ ಮೆಲ್ಲಗೆ ಅಂದಳು: 'ಕೊಟ್ಟಿದ್ದರೆ ಕೊಟ್ಟೆ ಅನ್ನಬಹುದಿತ್ತು. ನನ್ನನ್ನು ಯಾರು ಕೇಳಿದರು?'

ಏಳನೆಯ ತರಗತಿ ಮುಗಿದ ಬೇಸಿಗೆಯಲ್ಲೇ ಅವಳ ಮಡಿಲಿಗೆ ಬೀಡಿಯ ಮೊರ ಬಂದಿತ್ತು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಸಾವಿರಕ್ಕೆ ಇಷ್ಟೆಂದು ಬರುತ್ತಿದ್ದ ಮಜೂರಿಯಲ್ಲಿ ಮೊದಲು ಅಣ್ಣನ ಕಾಲೇಜು, ಆಮೇಲೆ ನನ್ನ ಬಿ.ಎ., ಬಿ.ಎಡ್. ನಡೆದವು.

ಪ್ರತಿ ಆಗಸ್ಟಿನಲ್ಲಿ ನೀತಿಪಾಠದ ಹೊತ್ತಿಗೆ ನಾನು ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಕಥೆ ಹೇಳುವುದುಂಟು. ಅವರ ಸ್ಮರಣೆಯ ದಿನ ಆಗಸ್ಟ್ 14. ಮರುದಿನ ನಮಗೆ ಸ್ವಾತಂತ್ರ್ಯದ ಬಾವುಟವೂ ಹೌದು, ಮರಿಯಮ್ಮನವರ ಹಬ್ಬವೂ ಹೌದು. 1941ರ ಜುಲೈ ಕೊನೆಯಲ್ಲಿ ನಾಜಿಗಳ ಔಷ್‌ವಿಟ್ಜ್ ಶಿಬಿರದಿಂದ ಕೈದಿಯೊಬ್ಬ ತಪ್ಪಿಸಿಕೊಂಡನೆಂದು ಹತ್ತು ಜನರನ್ನು ಅನ್ನನೀರಿಲ್ಲದೆ ಕೊಲ್ಲಲು ಆರಿಸಿದರು. ಅವರಲ್ಲಿ ಗಯೋವ್ನಿಚೆಕ್ ಎಂಬ ಪೋಲೆಂಡಿನ ಸೈನಿಕ ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಕೋಲ್ಬೆ ಸಾಲಿನಿಂದ ಹೊರಬಂದು ಅವನ ಬದಲು ತಾನು ಹೋಗುವೆನೆಂದರು. ಎರಡು ವಾರವಾದರೂ ಜೀವ ಹೋಗದಿದ್ದಾಗ ವಿಷದ ಸೂಜಿ ಚುಚ್ಚಿ ಕೊಂದರು.

ಈ ಸಲ ಒಬ್ಬ ಹುಡುಗಿ ಕೇಳಿದಳು: 'ಟೀಚರ್, ಉಳಿದವನು ಏನಾದ?'

ಅವನು 1995ರವರೆಗೆ ಬದುಕಿದ. ಯುದ್ಧ ಮುಗಿದು ಮನೆ ಸೇರಿದಾಗ ಹೆಂಡತಿ ಇದ್ದಳು, ಮಕ್ಕಳಿಬ್ಬರೂ ಇರಲಿಲ್ಲ. 1982ರಲ್ಲಿ ರೋಮಿನಲ್ಲಿ ಕೋಲ್ಬೆಯವರನ್ನು ಸಂತರೆಂದು ಸಾರಿದಾಗ ಅವನೂ ಅಲ್ಲಿದ್ದ. ಇಷ್ಟು ಹೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟಿತು. ನಮ್ಮ ಮನೆಯಲ್ಲಿ ಉಳಿದವಳು ನಾನೇ ಅಲ್ಲವೇ?

ಆದರೆ ಎರಡೂ ಒಂದೇ ಅಲ್ಲ. ಹೆಸರು ಹೋಗಿ ಬರಿಯ ನಂಬರಾಗಿದ್ದ ಆ ಜಾಗದಲ್ಲೂ ಕೋಲ್ಬೆ ಸ್ವತಂತ್ರರಾಗಿದ್ದರು. ಹೋಗೆಂದು ಯಾರೂ ಅವರನ್ನು ನೂಕಲಿಲ್ಲ. ತನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾನೇ ಒಪ್ಪಿಸುತ್ತಿದ್ದೇನೆ ಎಂಬುದನ್ನು ಸಂತ ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಒತ್ತಿ ಹೇಳುತ್ತಾರೆ. ಆ ಮಾತಿಲ್ಲದಿದ್ದರೆ ಶಿಲುಬೆ ಬರಿಯ ಕೊಲೆಯಾಗುತ್ತಿತ್ತು. ನಮ್ಮ ಮನೆಗೆ ಮುಳ್ಳುತಂತಿಯ ಬೇಲಿಯಿರಲಿಲ್ಲ, ಆದರೂ ಹನ್ನೆರಡು ವರ್ಷದ ಹುಡುಗಿಗೆ 'ಒಲ್ಲೆ' ಎನ್ನುವ ದಾರಿ ಇರಲಿಲ್ಲ. ಶಿಲುಬೆಯನ್ನು ಹೆಣ್ಣುಮಕ್ಕಳ ಹೆಗಲಿಗೆ ಎಷ್ಟು ಸಲೀಸಾಗಿ ಹೊರಿಸುತ್ತೇವೆ ನೋಡಿ! (ಹೊರಿಸುವವರಲ್ಲಿ ನಾವು ಹೆಂಗಸರೂ ಇದ್ದೇವೆ.) ಕಸಿದುಕೊಂಡದ್ದಕ್ಕೆ ತ್ಯಾಗವೆಂದು ಹೆಸರಿಟ್ಟುಬಿಟ್ಟರೆ ಕಸಿದವರನ್ನು ಯಾರೂ ಏನೂ ಕೇಳುವಂತಿಲ್ಲ.

ಹಾಗೆಂದು ಅಕ್ಕ ಏನನ್ನೂ ಕೊಡಲಿಲ್ಲವೆಂದರೆ ಅದೂ ಸುಳ್ಳು. ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಅಪ್ಪ ಓದು ಬಿಡಿಸಿ ಮದುವೆ ಮಾಡಲು ಹೊರಟಿದ್ದರು. ಎಂದೂ ಎದುರಾಡದ ಅಕ್ಕ ಅಂದು ಮೊರ ಕೆಳಗಿಟ್ಟು ಎದ್ದು ನಿಂತಳು. 'ಅವಳು ಓದಲಿ ಅಪ್ಪಾ. ದಿನಕ್ಕೆ ಇನ್ನೂರು ಬೀಡಿ ಹೆಚ್ಚು ಕಟ್ಟುತ್ತೇನೆ' ಎಂದಳು. ಅಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಣ್ಣನ ಭಾಷಣದಲ್ಲಿ ಆ ಸಂಗತಿ ಬರಲೇ ಇಲ್ಲ. ಅವನಿಗೆ ಗೊತ್ತೇ ಇಲ್ಲವೇನೋ.

ಮೊನ್ನೆ ಭಾನುವಾರ ಪೂಜೆ ಮುಗಿಸಿ ಅಕ್ಕನ ಮನೆಗೆ ಹೋಗಿದ್ದೆ. ಅಲಸಂಡೆ ಮುರಿಯುತ್ತಾ ಕೂತಿದ್ದಳು. 'ಅಕ್ಕಾ, ಶಾಲೆಗೆ ಕಳಿಸಿದ್ದರೆ ಏನು ಓದುತ್ತಿದ್ದೆ?' ಎಂದೆ.

'ಈಗ ಕೇಳ್ತಿದ್ದೀಯಾ?' ಎಂದು ನಕ್ಕಳು. ನಾನು ಸುಮ್ಮನಾದೆ. ಬುಟ್ಟಿ ಅರ್ಧ ಖಾಲಿಯಾದ ಮೇಲೆ ತಾನಾಗಿಯೇ ಹೇಳಿದಳು:

'ಲೆಕ್ಕ. ಲೆಕ್ಕ ನನಗೆ ಚೆನ್ನಾಗಿ ಬರ್ತಿತ್ತು ಕಣೇ.'