ಮಡಕೆ ಮತ್ತು ಉಕ್ಕಿನ ಹಂಡೆ

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಸಹವಾಸ ನೋಡಿಕೊಂಡು ಮಾಡಬೇಕು ಅಂತ ಅದರ ಅರ್ಥವನ್ನು ಮೇಷ್ಟ್ರುಗಳು ಬಿಡಿಸಿ ಹೇಳುತ್ತಾರೆ. ನಾವು ಅದನ್ನು ಬೇರೆ ತರ ಓದುತ್ತೇವೆ. ಲೋಟದೊಳಗೆ ಏನಿದೆ ಅಂತ ಯಾರೂ ಇಣುಕಿ ನೋಡುವುದಿಲ್ಲ. ಕೂತ ಜಾಗ ಯಾವುದು, ಕೂತವನು ಯಾರು ಎಂಬುದರ ಮೇಲೆ ತೀರ್ಪು ಮೊದಲೇ ಆಗಿಹೋಗಿರುತ್ತದೆ. ಈ ಗಾದೆಗೆ ಇನ್ನೊಂದು ಮಗ್ಗುಲಿದೆ. ಅದನ್ನು ನೋಡಬೇಕಾದರೆ ಇವತ್ತಿನ ಬೆಂಗಳೂರಿಗೆ ಬರಬೇಕು. ಇಲ್ಲಿ ಗಾಜಿನ ಮಹಡಿಯಲ್ಲಿ ಕೂತು ಹೆಂಡ ಕುಡಿದರೆ ಅದಕ್ಕೆ ಕಲೆ ಅಂತಾರೆ.

2010-11ರ ಹೊತ್ತಿಗೆ ಈ ಊರಿನಲ್ಲಿ ಹೊಸ ತರದ ಕುಡಿತದ ಮನೆಗಳು ಶುರುವಾದವು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಟಾಯ್ಟ್, ವಿಠ್ಠಲ್ ಮಲ್ಯ ರಸ್ತೆಯಲ್ಲಿ ಬಿಯೇರ್ ಕ್ಲಬ್, ಆಮೇಲೆ ವೈಟ್‌ಫೀಲ್ಡಿನಲ್ಲಿ ವಿಂಡ್‌ಮಿಲ್ಸ್, ಅಮೆರಿಕದ ಮಿಷಿಗನ್ನಿನಿಂದ ಹೆಸರು ತಂದ ಆರ್ಬರ್. ಈಗ ಇಂಥವು ಊರ ತುಂಬ ಹತ್ತಾರು. ಇಲ್ಲಿ ಬಿಯರು ಕಾರ್ಖಾನೆಯ ಬಾಟಲಿಯಲ್ಲಿ ಬರುವುದಿಲ್ಲ. ಗಿರಾಕಿಯ ಕಣ್ಣೆದುರಿಗೇ ಥಳಥಳ ಹೊಳೆಯುವ ಉಕ್ಕಿನ ಹಂಡೆಗಳಲ್ಲಿ ಅದನ್ನು ಕಾಯಿಸಿ, ಹುಳಿಸಿ, ಅಲ್ಲೇ ಬಗ್ಗಿಸಿ ಕೊಡುತ್ತಾರೆ. ಇದಕ್ಕೆ ಕ್ರಾಫ್ಟ್ ಬಿಯರ್ ಎಂದು ಹೆಸರು. ಕ್ರಾಫ್ಟ್ ಅಂದರೆ ಕೈಕಸುಬು.

ಬೆಂಗಳೂರಿಗೆ ಬಿಯರ್ ಹೊಸದೇನಲ್ಲ. ದಂಡಿನ ಪ್ರದೇಶದ ಬಿಳಿ ಸಿಪಾಯಿಗಳಿಗೆ ಪೀಪಾಯಿಗಳಲ್ಲಿ ತುಂಬಿ ಎತ್ತಿನ ಗಾಡಿಗಳಲ್ಲಿ ಸಾಗಿಸುತ್ತಿದ್ದ ಕಾಲದಿಂದ ಅದು ಇಲ್ಲಿದೆ. 1915ರಲ್ಲಿ ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಸಣ್ಣ ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ವಿಠ್ಠಲ್ ಮಲ್ಯ ಅದರ ನಿರ್ದೇಶಕರಾದರು. ಬಿಯರ್ ಮಾರಿದವರ ಹೆಸರು ಊರಿನ ನಡುವಿನ ರಸ್ತೆಗೆ ಬಂತು. ಈಚಲ ಮರದಿಂದ ಬಿದ್ದು ಸೊಂಟ ಮುರಿದುಕೊಂಡವನ ಹೆಸರು ಯಾವ ಓಣಿಗೆ ಇದೆ?

ಹಂಡೆಯೊಳಗೆ ನಡೆಯುವುದು ಏನು ಅಂತ ಮೊದಲು ನೋಡೋಣ. ಬಾರ್ಲಿಯನ್ನು ನೆನೆಹಾಕಿ ಮೊಳಕೆ ಬರಿಸುತ್ತಾರೆ. ಮೊಳಕೆ ಒಡೆದ ಕಾಳಿನೊಳಗೆ ಹಿಟ್ಟನ್ನು ಸಕ್ಕರೆ ಮಾಡುವ ಒಂದು ಶಕ್ತಿ ಎಚ್ಚರಗೊಳ್ಳುತ್ತದೆ. ಆಗ ಕಾಳನ್ನು ಒಣಗಿಸಿ, ಒಡೆದು, ಸುಮಾರು 65 ಡಿಗ್ರಿ ಕಾವಿನ ಬಿಸಿನೀರಿನಲ್ಲಿ ಇಡುತ್ತಾರೆ. ನೀರು ಸಿಹಿಯಾಗುತ್ತದೆ. ಅದನ್ನು ಸೋಸಿ, ಪರದೇಶದಿಂದ ತರಿಸಿದ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟು ಬೆರೆಸುತ್ತಾರೆ. ಯೀಸ್ಟು ಸಕ್ಕರೆಯನ್ನು ತಿಂದು ಅಮಲನ್ನೂ ಗಾಳಿಯನ್ನೂ ಬಿಡುತ್ತದೆ. ಕೆಲವು ಗೋಧಿ ಬಿಯರುಗಳಲ್ಲಿ ಬಾಳೆಹಣ್ಣಿನ, ಲವಂಗದ ವಾಸನೆ ಬರುತ್ತದಲ್ಲ, ಅದೂ ಯೀಸ್ಟಿನ ಕೆಲಸವೇ. ಇಷ್ಟೇ ವಿದ್ಯೆ. ಸುಲಭದ್ದು ಅಂತ ನಾವು ಹೇಳುತ್ತಿಲ್ಲ. ಕಾವು ಎರಡು ಡಿಗ್ರಿ ಏರಿದರೂ ರುಚಿ ಬೇರೆಯಾಗುತ್ತದೆ, ಹಂಡೆ ತೊಳೆಯುವುದರಲ್ಲಿ ಚೂರು ಆಲಸ್ಯವಾದರೂ ಇಡೀ ಪಾಕ ಕೆಡುತ್ತದೆ. ಚೆನ್ನಾಗಿ ಮಾಡುವವರ ಶ್ರದ್ಧೆಯನ್ನು ನಾವು ಗೌರವಿಸುತ್ತೇವೆ.

ಆದರೆ ಈ ವಿದ್ಯೆ ನಮಗೆ ಗೊತ್ತಿಲ್ಲದ್ದೇ? ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿ ಕೂಸುಗಳಿಗೆ ಕುಡಿಸಿದ ತಾಯಂದಿರು ಮೊಳಕೆಯ ಗುಟ್ಟನ್ನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ಇದೇ ರಾಗಿಯನ್ನು ಹುಳಿಸಿ, ಬಿಸಿನೀರು ಹೊಯ್ದು, ಬಿದಿರ ಕೊಳವೆಯಲ್ಲಿ ಹೀರುತ್ತಾರೆ, ಅದು ತೋಂಗ್ಬಾ. ರಾಗಿಯ ತವರು ಆಫ್ರಿಕಾದಲ್ಲೂ ಅದರಿಂದ ಬಿಯರು ಮಾಡುತ್ತಾರೆ. ಸಂತಾಲರ, ಮುಂಡರ ಮನೆಗಳಲ್ಲಿ ಅಕ್ಕಿಯ ಹಂಡಿಯಾ ಇದೆ. ಅಸ್ಸಾಮಿನ ದಿಮಾಸಾ ಜನರ ಜುದಿಮಾಗೆ 2021ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿತು. ಹಾಗಾದರೆ ಕೈಕಸುಬಿನ ಬಿಯರು ಈ ದೇಶಕ್ಕೆ ವಿಮಾನದಲ್ಲಿ ಬಂತು ಅಂತ ಹೇಳುವವರು ಯಾರ ಕೈಯನ್ನು ಕೈ ಅಂತ ಎಣಿಸುತ್ತಿದ್ದಾರೆ?

ಇಲ್ಲಿಂದ ನಮ್ಮ ಪ್ರಶ್ನೆ ಶುರುವಾಗುತ್ತದೆ. ಒಂದೇ ಕೆಲಸ ಒಬ್ಬನ ಕೈಯಲ್ಲಿ ಕಸುಬಾಗಿ ಹೊಲಸಾಗುತ್ತದೆ, ಇನ್ನೊಬ್ಬನ ಕೈಯಲ್ಲಿ ಕಲೆಯಾಗಿ ಹೊಳೆಯುತ್ತದೆ. ಇದು ಯಾಕೆ?

ಕಸುಬು ಎಂಬ ಮಾತು ನಮ್ಮ ಕಿವಿಗೆ ಬೀಳುವುದೇ ಬೇರೆ ತರ. ಚರ್ಮ ಹದ ಮಾಡುವುದು ಕಸುಬು, ಬುಟ್ಟಿ ಹೆಣೆಯುವುದು ಕಸುಬು, ಮರ ಹತ್ತುವುದು ಕಸುಬು. ಇವೆಲ್ಲವಕ್ಕೂ ವಿದ್ಯೆ ಬೇಕು. ಚರ್ಮ ಕೊಳೆಯದ ಹಾಗೆ ತಂಗಡಿ ತೊಗಟೆಯಲ್ಲಿ ಎಷ್ಟು ಹೊತ್ತು ಇಡಬೇಕು ಅಂತ ತಿಳಿದವನು ರಸಾಯನ ತಿಳಿದವನೇ. ಆದರೆ ಅವನನ್ನು ಯಾರೂ ಕಲಾವಿದ ಅನ್ನಲಿಲ್ಲ, ಊರ ಹೊರಗೆ ಇಟ್ಟರು. ಯಾಕೆಂದರೆ ಆ ಕೆಲಸವನ್ನು ಅವನು ಆರಿಸಿಕೊಂಡಿರಲಿಲ್ಲ. ಅವನ ಹಣೆಗೆ ಅದನ್ನು ಹಚ್ಚಲಾಗಿತ್ತು. ಬಿಡುವ ಸ್ವಾತಂತ್ರ್ಯ ಇದ್ದವನಿಗೆ ಮಾತ್ರ ಕಸುಬು ಕಲೆಯಾಗುತ್ತದೆ. ಬಿಡಲಾರದವನಿಗೆ ಅದು ಜಾತಿಯಾಗುತ್ತದೆ.

ದೊಡ್ಡ ಸಂಬಳದ ಕಂಪ್ಯೂಟರ್ ಕೆಲಸ ಬಿಟ್ಟು ಬಿಯರು ಕಾಯಿಸಲು ಹೋದವನನ್ನು ಪತ್ರಿಕೆಗಳು ಕೊಂಡಾಡುತ್ತವೆ, ಕನಸಿನ ಬೆನ್ನು ಹತ್ತಿದ ಅಂತಾರೆ. ಅದೇ ಹೊತ್ತಿಗೆ ಮರ ಹತ್ತುವವನ ಮಗ, ಅಪ್ಪನ ಸೊಂಟದ ಕತ್ತಿಯನ್ನು ಮೂಲೆಗೆ ಎಸೆದು, ಕಂಪ್ಯೂಟರು ಕಲಿಯಲು ಅದೇ ಊರಿಗೆ ಬರುತ್ತಾನೆ. ಇಬ್ಬರೂ ಒಂದೇ ರಸ್ತೆಯಲ್ಲಿ ಎದುರುಬದುರಾಗುತ್ತಾರೆ. ಒಬ್ಬನು ಕೈಕೆಲಸದ ಕಡೆಗೆ ಹೋಗುತ್ತಿದ್ದಾನೆ, ಇನ್ನೊಬ್ಬನು ಕೈಕೆಲಸದಿಂದ ಓಡುತ್ತಿದ್ದಾನೆ. ಮೊದಲನೆಯವನು ಸೋತರೆ ಹಿಂದಕ್ಕೆ ಹೋಗಲು ಅವನಿಗೆ ಮನೆ ಇದೆ. ಎರಡನೆಯವನು ಸೋತರೆ ಅವನಿಗೆ ಮರವೇ ಗತಿ. ಆ ಮರವನ್ನೂ ಸರ್ಕಾರ ಉಳಿಸಿಲ್ಲ.

ಸರ್ಕಾರದ ಮಾತು ಬಂತು. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಯ ಮಡಕೆಯೂ ಅದರೊಳಗೇ ಬಂತು. 2004ರಲ್ಲಿ ಒಳನಾಡಿನ ಜಿಲ್ಲೆಗಳಲ್ಲಿ ಹೆಂಡ ಇಳಿಸುವುದು ನಿಂತಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಮೂರ್ನಾಲ್ಕು ವರ್ಷಗಳಲ್ಲೇ ಅದೇ ಸರ್ಕಾರದ ಅಪ್ಪಣೆಯ ಮೇಲೆ ಉಕ್ಕಿನ ಹಂಡೆಗಳು ಬಂದವು. ಹೆಂಡದ ಅಮಲು ನೂರಕ್ಕೆ ಐದರ ಆಸುಪಾಸು, ಬಿಯರಿನದೂ ಹೆಚ್ಚು ಕಡಿಮೆ ಅಷ್ಟೇ. ಒಂದು ಮರದಿಂದ ಇಳಿಯಿತು, ಇನ್ನೊಂದು ನಲ್ಲಿಯಿಂದ ಇಳಿಯಿತು. ಮರದ್ದು ಆರೋಗ್ಯಕ್ಕೆ ಹಾನಿ ಅನ್ನಿಸಿಕೊಂಡಿತು, ನಲ್ಲಿಯದು ಊರಿನ ಹೆಮ್ಮೆ ಅನ್ನಿಸಿಕೊಂಡಿತು.

ಸಾರಾಯಿ ನಿಂತಾಗ ಬಡವನ ಕುಡಿತ ನಿಂತಿತೇ? ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿಯ ಕಡೆ ಕಳ್ಳಬಟ್ಟಿ ಕುಡಿದು ನೂರೈವತ್ತರ ಸುಮಾರು ಜನ ಸತ್ತರು. 1981ರ ಜುಲೈನಲ್ಲಿ ಬೆಂಗಳೂರಿನಲ್ಲೇ ಮುನ್ನೂರಕ್ಕೂ ಹೆಚ್ಚು ಜನ ಹೀಗೇ ಸತ್ತಿದ್ದರು. ಅವರನ್ನು ಕೊಂದದ್ದು ಧಾನ್ಯವೂ ಅಲ್ಲ, ಮರವೂ ಅಲ್ಲ. ಕಾರ್ಖಾನೆಗಳಿಗೆ ಬರುವ ಮಿಥೈಲ್ ಆಲ್ಕೊಹಾಲ್ ಎಂಬ ವಿಷ. ಹೊಟ್ಟೆಗೆ ಹೋದ ಮೇಲೆ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣು ತೆಗೆಯುತ್ತದೆ, ಆಮೇಲೆ ಜೀವ ತೆಗೆಯುತ್ತದೆ. ಸತ್ತವರು ಕೂಲಿಯವರು, ಕೊಳೆಗೇರಿಯವರು. ನೀತಿಯ ಹೆಸರಿನಲ್ಲಿ ಮಾಡಿದ ಕಾನೂನು ಯಾರ ಲೋಟವನ್ನು ಕಿತ್ತುಕೊಂಡಿತು, ಯಾರ ಕೈಗೆ ವಿಷ ಕೊಟ್ಟಿತು, ಯಾರ ಲೋಟಕ್ಕೆ ನೊರೆ ತುಂಬಿತು ಎಂಬುದನ್ನು ಲೆಕ್ಕ ಹಾಕದೆ ಅದನ್ನು ನೀತಿ ಅಂತ ಹೇಗೆ ಕರೆಯುವುದು?

ಇಂಥ ನೀತಿಯನ್ನು ಬಿಳಿಯರು ದಕ್ಷಿಣ ಆಫ್ರಿಕಾದಲ್ಲಿ ನಾಚಿಕೆಯಿಲ್ಲದೆ ನಡೆಸಿದರು. ಅಲ್ಲಿ ಜೋಳದ ಬಿಯರು ಕಾಯಿಸುವುದು ಕರಿಯ ಹೆಂಗಸರ ಮನೆಯ ವಿದ್ಯೆ. 1908ರ ಕಾನೂನಿನ ಬಲದಿಂದ ಡರ್ಬನ್ ಪಟ್ಟಣದ ಆಡಳಿತ ಆ ವಿದ್ಯೆಯನ್ನು ಕಸಿದು, ತಾನೇ ಬಿಯರು ಮಾಡಿ ಕರಿಯರಿಗೆ ಮಾರಿತು. ಆ ದುಡ್ಡಿನಲ್ಲೇ ಕರಿಯರನ್ನು ಬೇರೆ ಇಡುವ ಆಡಳಿತದ ಖರ್ಚು ತೂಗಿಸಿತು. ಮನೆಯಲ್ಲಿ ಕಾಯಿಸಿದ ಹೆಂಗಸರ ಮಡಕೆಗಳನ್ನು ಪೊಲೀಸರು ಒಡೆದರು. 1959ರಲ್ಲಿ ಕೇಟೋ ಮ್ಯಾನರಿನ ಹೆಂಗಸರು ಬೀದಿಗಿಳಿದು ಸರ್ಕಾರಿ ಬಿಯರ್ ಕೊಟ್ಟಿಗೆಗಳಿಗೆ ನುಗ್ಗಿದರು. 1976ರಲ್ಲಿ ಸೊವೆಟೊದ ವಿದ್ಯಾರ್ಥಿಗಳು ಅಂಥವಕ್ಕೆ ಬೆಂಕಿ ಇಟ್ಟರು. ಮಡಕೆ ನಮ್ಮದು ಅಂತ ನುಗ್ಗಿದ ತಾಯಂದಿರೂ, ನಮ್ಮ ಅಪ್ಪಂದಿರನ್ನು ಕುಡಿಸಿ ಮಲಗಿಸಬೇಡಿ ಅಂತ ಸುಟ್ಟ ಮಕ್ಕಳೂ ಒಂದೇ ಸತ್ಯದ ಎರಡು ಮುಖ. ಎರಡನ್ನೂ ಒಟ್ಟಿಗೆ ಹಿಡಿಯಬೇಕಾದ್ದು ನಮ್ಮ ಕಷ್ಟವೂ ಹೌದು.

ಇನ್ನೊಂದು ಮಾತು. ಕ್ರಾಫ್ಟ್ ಬಿಯರಿನ ಹುಟ್ಟೂರುಗಳಲ್ಲಿ ಅದೂ ಒಂದು ಬಂಡಾಯವೇ ಆಗಿತ್ತು. ದೊಡ್ಡ ಕಂಪನಿಗಳು ಎಲ್ಲರ ನಾಲಿಗೆಗೂ ಒಂದೇ ನೀರು ಹೊಯ್ಯುತ್ತಿವೆ ಅಂತ ಇಂಗ್ಲೆಂಡಿನ ಜನ 1971ರಲ್ಲಿ ಚಳವಳಿ ಕಟ್ಟಿದರು. ಅಮೆರಿಕದಲ್ಲಿ 1978ರಲ್ಲಿ ಕಾನೂನು ಬದಲಾಗಿ, ಮನೆಯಲ್ಲಿ ಬಿಯರು ಕಾಯಿಸುವುದಕ್ಕೆ ಇದ್ದ ಅಡ್ಡಿ ಹೋಯಿತು. ಅಡುಗೆಮನೆಯ ಪಾತ್ರೆಯಲ್ಲಿ ಕೈ ಪಳಗಿಸಿಕೊಂಡವರು ಆಮೇಲೆ ಅಂಗಡಿ ತೆರೆದರು. ಅಲ್ಲಿ ಮೊದಲು ಮಡಕೆಗೆ ಬಿಡುಗಡೆ, ಆಮೇಲೆ ಹಂಡೆ. ನಮ್ಮಲ್ಲಿ ಹಂಡೆ ಬಂತು, ಮಡಕೆ ಇನ್ನೂ ಠಾಣೆಯಲ್ಲಿದೆ. ಬಂಡಾಯದ ಹೆಸರು ಬಂತು, ಬಂಡಾಯ ಬರಲಿಲ್ಲ. ರಾಗಿ, ಸಿರಿಧಾನ್ಯ ಹಾಕಿದ ಬಿಯರನ್ನು ಮಣ್ಣಿನ ರುಚಿ ಅಂತ ಕೆಲವು ಕಡೆ ಮಾರುತ್ತಾರೆ. ಮಣ್ಣಿನ ರುಚಿ ಬೇಕು, ಮಣ್ಣಿನ ಜನ ಮಾತ್ರ ಹಿಂಬಾಗಿಲಲ್ಲಿ ಮೂಟೆ ಇಳಿಸಬೇಕು. 2025-26ರಲ್ಲಿ ಕರ್ನಾಟಕಕ್ಕೆ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಅಂತ ಗೊತ್ತಾಗಿತ್ತು. ಈ ಮನೆಗಳಲ್ಲಿ ಒಂದು ದೊಡ್ಡ ಲೋಟಕ್ಕೂ ಹೆಚ್ಚು ಕಡಿಮೆ ಅಷ್ಟೇ ಬೆಲೆ. ಒಂದು ಲೋಟ ಬಿಯರಿಗೆ ಅದರ ಹಲವು ಪಟ್ಟು ನೀರು ಬೇಕು. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ತರುವ ಊರಿದು. 2024ರ ಬೇಸಿಗೆಯಲ್ಲಿ ಇಲ್ಲಿ ಕೊಡಗಳ ಸಾಲು ಯಾವ ಬಡಾವಣೆಗಳಲ್ಲಿ ಉದ್ದವಾಗಿತ್ತು ಅಂತ ಎಲ್ಲರೂ ನೋಡಿದ್ದಾರೆ.

ಈಗ ನಮ್ಮವರೇ ನಮ್ಮನ್ನು ಕೇಳುತ್ತಾರೆ: ಹಾಗಾದರೆ ಮಡಕೆಗೂ ಲೈಸೆನ್ಸು ಬೇಕು ಅಂತೀರಾ? ಕುಡಿತದಿಂದ ಹಾಳಾದ ಕೇರಿಗಳನ್ನು ನೀವು ನೋಡಿಲ್ಲವಾ?

ನೋಡಿದ್ದೇವೆ. ಈ ಪ್ರಶ್ನೆಯನ್ನು ನಾವು ತಳ್ಳಿಹಾಕಲಾರೆವು. ಈಳವರಲ್ಲಿ ಹುಟ್ಟಿದ ನಾರಾಯಣ ಗುರುಗಳು ತಮ್ಮ ಜನಕ್ಕೆ ಮದ್ಯ ಮಾಡಬೇಡಿ, ಮಾರಬೇಡಿ, ಕುಡಿಯಬೇಡಿ ಅಂದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು. ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ದಲಿತ ಸಂಘರ್ಷ ಸಮಿತಿ ಕೂಗಿದ್ದು ಇದೇ ನೆಲದಲ್ಲಿ. ಈ ಮೂರೂ ಮಾತುಗಳನ್ನು ಗಮನವಿಟ್ಟು ಕೇಳಿದರೆ ಒಂದು ವಿಷಯ ತಿಳಿಯುತ್ತದೆ. ಅವು ಮೇಲಿನಿಂದ ಬಿದ್ದ ನಿಷೇಧಗಳಲ್ಲ, ಒಳಗಿನಿಂದ ಎದ್ದ ನಿರ್ಧಾರಗಳು. ನಮ್ಮ ತಲೆ ನಮ್ಮ ಹತೋಟಿಯಲ್ಲಿರಲಿ ಎಂಬ ಹಠ ಅವುಗಳಲ್ಲಿದೆ. ಕಾನೂನು ನಿಮ್ಮ ಕೈ ಹೊಲಸು ಎನ್ನುತ್ತದೆ. ಬಾಬಾಸಾಹೇಬರು ನಿಮ್ಮ ಕೈ ಬೇರೆ ಕೆಲಸಕ್ಕೆ ಬೇಕಾಗಿದೆ ಎನ್ನುತ್ತಾರೆ. ಮೇಲುನೋಟಕ್ಕೆ ಎರಡೂ ಒಂದೇ ಅನ್ನಿಸಬಹುದು. ಒಂದು ಅವಮಾನ, ಇನ್ನೊಂದು ಆತ್ಮಗೌರವ.

ಹಾಗಾಗಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಬೇಕು ಅಂತ ನಮಗೆ ಅನ್ನಿಸುತ್ತದೆ. ಕುಡಿತದಿಂದ ಕೇಡು ಎಷ್ಟು ಎಂಬುದು ಒಂದು. ಕಾಯಿಸಿದ ಕೈಗೆ ಗೌರವ ಎಷ್ಟು ಎಂಬುದು ಇನ್ನೊಂದು. ಇವೆರಡನ್ನೂ ಕಲಸಿಯೇ ನಮ್ಮನ್ನು ಇಷ್ಟು ದಿನ ಮೋಸ ಮಾಡಿದ್ದು. ಮಡಕೆಯ ವಿಷಯ ಬಂದಾಗ ಕೇಡಿನ ಮಾತು ಆಡುತ್ತಾರೆ, ಗೌರವದ ಮಾತು ಎತ್ತುವುದಿಲ್ಲ. ಹಂಡೆಯ ವಿಷಯ ಬಂದಾಗ ಗೌರವದ ಮಾತು ಆಡುತ್ತಾರೆ, ಕೇಡಿನ ಮಾತು ಎತ್ತುವುದಿಲ್ಲ. ಎರಡೂ ಪ್ರಶ್ನೆಗಳನ್ನು ಎರಡೂ ಕಡೆ ಕೇಳಿದರೆ ಮಾತ್ರ ಅದು ನ್ಯಾಯ. ಹನ್ನೆರಡನೇ ಶತಮಾನದಲ್ಲಿ ಹೆಂಡ ಮಾರುತ್ತಿದ್ದ ಮಾರಯ್ಯನಿಗೆ ಶರಣರ ನಡುವೆ ಜಾಗ ಸಿಕ್ಕಿತು. ಕಸುಬಿನ ಹೆಸರು ಅವನ ಹೆಸರಿಗೆ ಅಂಟಿಕೊಂಡೇ ಇತ್ತು, ಆದರೂ ಅವನ ಮಾತು ವಚನವಾಯಿತು. ನಡೆ ನೋಡಿ ಮನುಷ್ಯನನ್ನು ಅಳೆಯುವ ಒಂದು ಅಳತೆ ಈ ನಾಡಿನಲ್ಲಿ ಒಮ್ಮೆಯಾದರೂ ಇತ್ತು.

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಇನ್ನೂರು ಕಿಲೋಮೀಟರ್ ಹತ್ತಿರದ ದಾರಿ. ಹೆಚ್ಚಿನವರು ಹಳ್ಳಿಯವರು, ಕೂಲಿಯವರು. ಗಂಡನ ಕುಡಿತಕ್ಕೆ ತಾಳಿ, ತಾಟು, ಅಕ್ಕಿ ಕಳೆದುಕೊಂಡವರು. ನಿಷೇಧದಿಂದ ಬಡವರ ಕೈಗೆ ವಿಷ ಬರುತ್ತದೆ ಅಂತ ನಾವು ಮೇಲೆ ಹೇಳಿದೆವು. ಆ ಮಾತನ್ನು ಅವರ ಎದುರು ನಿಂತು ಹೇಳುವುದು ಸುಲಭವಲ್ಲ. ಅವರು ಕೇಳುತ್ತಿರುವುದು ಕಾನೂನಿನ ಒಂದು ಕಲಮಿಗಿಂತ ದೊಡ್ಡದು. ರಾಜ್ಯದ ಬೊಕ್ಕಸಕ್ಕೆ ಅಬಕಾರಿಯಿಂದ 2023-24ರಲ್ಲಿ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬಂತು. ಅದರಲ್ಲಿ ನಮ್ಮ ಮನೆಯ ದುಡ್ಡು ಎಷ್ಟು, ಅದರಲ್ಲಿ ನಮ್ಮ ಮಕ್ಕಳ ಶಾಲೆಗೆ ಬಂದದ್ದು ಎಷ್ಟು ಎಂಬುದು ಅವರ ಪ್ರಶ್ನೆ. ಮಡಕೆಯ ಪರವಾಗಿ ಮಾತಾಡುವ ನಾವೂ, ಹಂಡೆಯ ಮುಂದೆ ಲೋಟ ಹಿಡಿದವರೂ, ಬೊಕ್ಕಸದ ಬೀಗ ಇಟ್ಟುಕೊಂಡವರೂ ಆ ಲೆಕ್ಕವನ್ನು ಮೊದಲು ಕೊಡಬೇಕು. ರುಚಿಯ ಮಾತು ಆಮೇಲೆ ಆಡೋಣ.