ಹಸಿದವನ ಹೊತ್ತು

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಶರಣರು ಬಲು ಸೂಕ್ಷ್ಮವಾಗಿ ಕಂಡವರು. ದಾನಿಯು ತನಗೆ ಅನುಕೂಲವಾದಾಗ ಕೊಡುತ್ತಾನೆ. ದಾಸೋಹಿಯು ಉಣ್ಣುವವನ ಹೊತ್ತನ್ನು ಕಾಯುತ್ತಾನೆ. ಗೃಹಸ್ಥನಿಗೆ ಸಲ್ಲುವ ಈ ಮಾತು ರಾಜ್ಯಗಳ ಬೊಕ್ಕಸಕ್ಕೂ ಸಲ್ಲುವುದೇ ಎಂಬುದು ವಿಚಾರಾರ್ಹವಾಗಿದೆ.

ಆಫ್ರಿಕಾ ಖಂಡದ ಸೋಮಾಲಿಯಾ ದೇಶದಲ್ಲಿ ೨೦೧೦ರ ಕೊನೆಯ ಮಳೆ ತಪ್ಪಿತು. ಮರುವರ್ಷದ ಏಪ್ರಿಲ್ ಮಳೆಯೂ ಕೈಕೊಟ್ಟಿತು. ದನಕರುಗಳು ಅಳಿದವು, ಜೋಳದ ಬೆಲೆ ಏರಿತು. ಬರವನ್ನು ಮುಂದಾಗಿ ಅರಿಯುವ ತಜ್ಞರು ೨೦೧೦ರ ಆಗಸ್ಟಿನಿಂದಲೇ ಎಚ್ಚರಿಸುತ್ತ ಬಂದಿದ್ದರು. ಆದರೂ ಧನಿಕ ಸರ್ಕಾರಗಳ ನೆರವಿನ ದೊಡ್ಡ ಪಾಲು ಹೊರಟದ್ದು, ವಿಶ್ವಸಂಸ್ಥೆಯು ೨೦೧೧ರ ಜುಲೈ ೨೦ರಂದು ಕ್ಷಾಮವೆಂದು ಸಾರಿದ ತರುವಾಯ. ಮಡಿದವರು ಸುಮಾರು ೨,೫೮,೦೦೦ ಮಂದಿಯೆಂದು ೨೦೧೩ರಲ್ಲಿ ಪ್ರಕಟವಾದ ಗಣನೆ ತಿಳಿಸುತ್ತದೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಐದು ವರ್ಷದೊಳಗಿನ ಕೂಸುಗಳು. ಸತ್ತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆ ಘೋಷಣೆಗೆ ಮುನ್ನವೇ ಸತ್ತಿದ್ದರು. ಎಲೆ ಹಾಕುವಷ್ಟರಲ್ಲಿ ಪಂಕ್ತಿಯೇ ಅರ್ಧ ಬರಿದಾಗಿತ್ತು!

ಕೊಡುವವರಲ್ಲಿ ಕರುಣೆಯೇ ಇರಲಿಲ್ಲವೆನ್ನಲಾಗದು. ದಕ್ಷಿಣ ಸೋಮಾಲಿಯಾದ ಬಹುಭಾಗ ಅಲ್-ಶಬಾಬ್ ಎಂಬ ಸಶಸ್ತ್ರ ಪಂಗಡದ ವಶದಲ್ಲಿತ್ತು. ಬೆದರಿಕೆಗಳ ದೆಸೆಯಿಂದ ವಿಶ್ವ ಆಹಾರ ಕಾರ್ಯಕ್ರಮವು ೨೦೧೦ರ ಜನವರಿಯಲ್ಲೇ ಅಲ್ಲಿಂದ ಹಿಂದೆ ಸರಿದಿತ್ತು. ಕಾಳು ಆ ಪಂಗಡದ ಪಾಲಾದರೆ ಅಮೆರಿಕದ ಕಾನೂನಿಗೆ ಗುರಿಯಾಗಬೇಕಾದೀತೆಂದು ನೆರವಿನ ಸಂಸ್ಥೆಗಳು ಅಂಜಿದವು. ಅಂಜಿಕೆ ನಿರಾಧಾರವಾದುದಲ್ಲ. ಆದರೆ ಕಳ್ಳನ ಬಾಯಿಗೆ ತುತ್ತು ಹೋದೀತೆಂದು ಕೂಸಿನ ಬಟ್ಟಲನ್ನು ಬರಿದಿಡುವುದು ಎಂತಹ ವಿವೇಕ? ಇದರ ಮೇಲೆ ಅಮೆರಿಕದ ಇನ್ನೊಂದು ಕಟ್ಟಳೆಯುಂಟು: ಆಹಾರ ನೆರವಿನ ಬಹುಪಾಲು ಧಾನ್ಯವನ್ನು ತನ್ನ ರೈತರಿಂದಲೇ ಕೊಳ್ಳಬೇಕು, ಗೊತ್ತುಪಡಿಸಿದ ಪಾಲನ್ನು ತನ್ನ ಧ್ವಜದ ಹಡಗುಗಳಲ್ಲೇ ಸಾಗಿಸಬೇಕು. ಆ ಕಾಳು ಸಾಗರ ದಾಟಿ ಹಸಿದವನ ಮುಂದೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಕೊಡುವ ಕೈ ತನ್ನ ಕಣಜವನ್ನೂ ನೆನೆಯುತ್ತಿರುತ್ತದೆಯೆಂಬುದನ್ನು ಭಾರತವೂ ಉಂಡು ಬಲ್ಲದು. ೧೯೬೬ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ನರು ಗೋಧಿಯನ್ನು ಅಳೆದಳೆದು, ತಡೆದು ತಡೆದು ಕಳುಹಿಸಿದರು.

೨೦೧೭ರಲ್ಲಿ ಸೋಮಾಲಿಯಾಕ್ಕೆ ಮತ್ತೆ ಅನಾವೃಷ್ಟಿ ಒದಗಿತು. ಈ ಸಲ ಹಣವು ವರ್ಷದ ಮೊದಲ ತಿಂಗಳುಗಳಲ್ಲಿಯೇ ಬಂದಿತು. ಹಡಗಿನ ಕಾಳನ್ನೇ ಕಾದು ಕೂರದೆ, ಎಷ್ಟೋ ಕುಟುಂಬಗಳಿಗೆ ಮೊಬೈಲ್ ಫೋನಿನ ಮೂಲಕವೇ ಹಣವನ್ನು ಮುಟ್ಟಿಸಿದರು; ಸಂತೆಯಲ್ಲಿ ಧಾನ್ಯವಿದ್ದ ಕಡೆ ತಾಯಂದಿರು ತಾವೇ ಕೊಂಡು ಅಟ್ಟರು. ಜನ ಬಳಲಿದರು, ರೋಗದಿಂದ ಸತ್ತವರೂ ಉಂಟು. ಆದರೆ ಆ ವರ್ಷ ಕ್ಷಾಮವೆಂದು ಸಾರಬೇಕಾದ ದಿನ ಬರಲಿಲ್ಲ.