ಕೌದಿಯ ಸೊಟ್ಟ ಹೊಲಿಗೆ

ಅರ್ಧ ಹೊಲಿದ ಕೌದಿಯಲ್ಲಿ ತಪ್ಪು ಕಂಡಾಗ ಏನು ಮಾಡಬೇಕು? ಬಿಚ್ಚಿ ಮೊದಲಿನಿಂದ ಹೊಲಿಯಬೇಕೆ, ಇದ್ದದ್ದನ್ನೇ ಸರಿದೂಗಿಸಿ ಮುಗಿಸಬೇಕೆ? ಹೆಂಗಸರ ಹಿತ್ತಲಿನ ಮಾತೆಂದು ನಾವು ಇದನ್ನು ತಳ್ಳಿಹಾಕುತ್ತೇವೆ. ಆದರೆ ಅಖ್ಲಾಖ್ ಕುರಿತ ದೊಡ್ಡ ಗ್ರಂಥಗಳ ಪ್ರಶ್ನೆಯೇ ಇಲ್ಲಿ ಸೂಜಿದಾರ ಹಿಡಿದು ಕೂತಿದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಯನ್ನು ನೋಡಿ. ಅವರದನ್ನು ಕವಂದಿ ಎನ್ನುತ್ತಾರೆ. ಆಫ್ರಿಕಾ ಮೂಲದ ಈ ಜನರಲ್ಲಿ ಮುಸ್ಲಿಮರು, ಕ್ರೈಸ್ತರು, ಹಿಂದೂಗಳು ಮೂವರೂ ಇದ್ದಾರೆ. ಕೌದಿಯ ಹುನರ್ ಮಾತ್ರ ಒಂದೇ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಅಂಚಿನಿಂದ ಆರಂಭಿಸಿ, ತುಂಡಿನ ಪಕ್ಕ ತುಂಡಿಟ್ಟು, ಸಾಲುಹೊಲಿಗೆ ಹಾಕುತ್ತ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಫುಲಾ ಎಂಬ ಮಡಿಸಿದ ತ್ರಿಕೋನದ ಬಟ್ಟೆ. ಅದಿಲ್ಲದ ಕೌದಿ ಅವರ ಪಾಲಿಗೆ ಬೆತ್ತಲೆ.

ಈ ಕ್ರಮದಲ್ಲೇ ತೊಡಕಿದೆ. ಅಂಚಿನಲ್ಲಿ ಬಿದ್ದ ಸುಕ್ಕು ಸುತ್ತು ಸುತ್ತಾಗಿ ನಡುವಿನ ತನಕ ತಳ್ಳಿಕೊಂಡು ಬರುತ್ತದೆ. ತಡವಾಗಿ ಕಂಡ ತಪ್ಪನ್ನು ತೆಗೆಯಲು, ಆಮೇಲೆ ಮಾಡಿದ ಸರಿಯಾದ ಕೆಲಸವನ್ನೂ ಬಿಚ್ಚಬೇಕು. ಬಟ್ಟೆಯೋ ಹತ್ತಾರು ವರ್ಷ ಉಟ್ಟು ಒಗೆದು ಸವೆದದ್ದು. ಎರಡನೇ ಸಲ ಚುಚ್ಚಿದರೆ ಹರಿಯಬಹುದು. ತೀರಿಹೋದ ತಾಯಿಯ ಸೀರೆಯಾಗಿದ್ದರೆ ಬದಲಿ ತುಂಡು ಯಾವ ಅಂಗಡಿಯಲ್ಲೂ ಸಿಗದು. 'ಹೊಸದಾಗಿ ಆರಂಭಿಸು' ಎನ್ನುವವರು ಈ ಲೆಕ್ಕ ಹಾಕುವುದಿಲ್ಲ.

ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 92ನೇ ವಚನದಲ್ಲಿ, ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಹಾಳುಮಾಡಿದ ಹೆಂಗಸಿನ ಉಪಮೆಯಿದೆ. ಸಂದರ್ಭ ಪ್ರತಿಜ್ಞೆ ಮುರಿಯುವವರದು, ಹೊಲಿಗೆಯದಲ್ಲ. ಅದನ್ನು ಎಳೆದುತಂದು ಬಿಚ್ಚುವುದೇ ಪಾಪ ಎನ್ನುವುದು ಸಲ್ಲದು. ಆಕೆಯ ನೂಲು ಗಟ್ಟಿಯಾಗಿತ್ತು ಎಂಬುದನ್ನು ಮಾತ್ರ ನಾವು ಗಮನಿಸಬೇಕು. ಕೌದಿಯ ಹೊಲಿಗೆ ಸಡಿಲಾಗಿದ್ದರೆ ನಾಲ್ಕು ಒಗೆತಕ್ಕೆ ಒಳಪದರ ಗುಡ್ಡೆಗಟ್ಟುತ್ತದೆ, ಹೊದ್ದ ಮಗು ಚಳಿಗೆ ನಡುಗುತ್ತದೆ. ಅದನ್ನು ಬಿಚ್ಚಲೇಬೇಕು, ಎಷ್ಟು ಬೇಸರವಾದರೂ. ಆದರೆ ಕೆಂಪಿನ ಪಕ್ಕ ಹಸಿರು ಹೊಂದಲಿಲ್ಲ, ಸಾಲು ಸೊಟ್ಟಾಯಿತು ಎಂಬುದು ಕಣ್ಣಿನ ತಕರಾರು. ಅದಕ್ಕಾಗಿ ಬಟ್ಟೆಯ ಆಯುಷ್ಯ ಕಳೆಯಬೇಕೆ?

ಇರಾನಿನ ನೇಕಾರ ರತ್ನಗಂಬಳಿಯಲ್ಲಿ ಬೇಕೆಂದೇ ಒಂದು ತಪ್ಪು ಬಿಡುತ್ತಾನೆ, ಪರಿಪೂರ್ಣನು ಅಲ್ಲಾಹನೊಬ್ಬನೇ ಎಂಬ ಕತೆ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ನಮಗದು ಹಿಡಿಸದು. ಬೇಕೆಂದೇ ಒಂದು ತಪ್ಪು ಮಾಡುವವನು ಉಳಿದದ್ದರಲ್ಲಿ ತಪ್ಪಿಲ್ಲವೆಂದು ನಂಬಿರಬೇಕಲ್ಲ!

ಮಾರುವ ಕೌದಿಯಾದರೆ ಮಾತು ಬೇರೆ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರವಾದಿಯವರು (ಸ) ಒಳಗಿನ ತೇವವನ್ನು ಕಂಡು, ಅದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೆ ಎಂದು ಕೇಳಿದ ಪ್ರಸಂಗ ಹದೀಸಿನಲ್ಲಿದೆ. ಬಿಚ್ಚದಿರುವುದು ಹೊಲಿಯುವವಳ ಇಷ್ಟ, ಹೇಳದಿರುವುದಲ್ಲ.

ಇನ್ನು ಬಿಚ್ಚುವ ಹಕ್ಕು ಯಾರದು? ಮೊದಲ ಕೌದಿ ಹೊಲಿಯುತ್ತಿರುವ ಹುಡುಗಿ ನಿದ್ದೆಯಲ್ಲಿದ್ದಾಗ ಮನೆಯ ಹಿರಿಯಳು ಸೊಟ್ಟ ಸಾಲುಗಳನ್ನೆಲ್ಲ ಬಿಚ್ಚಿ ನೇರ ಮಾಡಿಟ್ಟರೆ, ಬೆಳಿಗ್ಗೆ ಕೌದಿ ಚೆನ್ನಾಗಿರುತ್ತದೆ, ಆದರೆ ಹುಡುಗಿಯದಾಗಿರುವುದಿಲ್ಲ. ಅವಳು ಸೂಜಿ ಕೆಳಗಿಟ್ಟರೆ ಆಶ್ಚರ್ಯವಿಲ್ಲ. ಹಿರಿಯಳ ನಿಯ್ಯತ್ತು ಒಳ್ಳೆಯದೇ. ಆದರೂ ಕತ್ತರಿಯನ್ನು ಹುಡುಗಿಯ ಕೈಗೇ ಕೊಟ್ಟು, ಎಲ್ಲಿಯ ತನಕ ಬಿಚ್ಚೋಣ ಎಂದು ಅವಳನ್ನೇ ಕೇಳಬಹುದಿತ್ತು. ಎರಡು ಸಾಲು ಬಿಚ್ಚಿದರೆ ಸಾಕು ಎಂದು ಅವಳೇ ಹೇಳುತ್ತಿದ್ದಳೋ ಏನೋ.